ಹೆಚ್ಚಿದ ಹಣ್ಣಿನ ಡಬ್ಬಿ ರೋಗಾಣುವನ್ನು ತಡೆಯಬಲ್ಲುದೆ?

ಆಹಾರ ಸುರಕ್ಷೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೆಚ್ಚಿ, ಡಬ್ಬಿಯಲ್ಲಿಟ್ಟು ಮಾರುವ ಹಣ್ಣು ತರಕಾರಿಗಳ ಬಗ್ಗೆ ಈ ಸಲ ಹಲವು ಪತ್ರಗಳು ಬಂದಿವೆ. ಸೂಕ್ಷ್ಮಾಣುಗಳನ್ನು ತಡೆಯುವುದೆಂದು ಹೇಳಲಾಗುವ ಹೊಸ ಬಗೆಯ ಪೊಟ್ಟಣಗಳೇ ಅವುಗಳಲ್ಲಿ ಹೆಚ್ಚಿನವುಗಳ ವಿಷಯವಾದ್ದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಹೆಚ್ಚಿದ ಬೀನ್ಸ್, ಕ್ಯಾರೆಟ್, ಪರಂಗಿಹಣ್ಣಿನ ಹೋಳುಗಳನ್ನು ಡಬ್ಬಿಯಲ್ಲೇ ಕೊಳ್ಳುತ್ತೇವೆ. ಈಚೆಗೆ ಬಂದ ಒಂದು ಡಬ್ಬಿಯ ಮುಚ್ಚಳದ ಮೇಲೆ ‘ಆಂಟಿಮೈಕ್ರೋಬಿಯಲ್’ (ಸೂಕ್ಷ್ಮಾಣು ತಡೆಯುವಂಥದ್ದು) ಎಂದು ಅಚ್ಚಾಗಿತ್ತು. ಅದರೊಳಗಿನ ಹಣ್ಣನ್ನು ನಿಶ್ಚಿಂತೆಯಿಂದ ತಿನ್ನಬಹುದೆ? ಆ ಡಬ್ಬಿ ನಿಜವಾಗಿ ಏನು ಮಾಡುತ್ತದೆ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಆ ಒಂದು ಪದವನ್ನು ನಂಬಿ ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಅದಕ್ಕೆ ಎರಡು ಬೇರೆ ಬೇರೆ ಅರ್ಥಗಳಿರಬಹುದು. ಪ್ಲಾಸ್ಟಿಕ್ಕಿಗೆ ಬೂಷ್ಟು ಹಿಡಿಯದಿರಲಿ, ವಾಸನೆ ಕೂರದಿರಲಿ ಎಂದು ತಯಾರಿಸುವಾಗಲೇ ಅದಕ್ಕೆ ಬೆಳ್ಳಿಯ ಅಥವಾ ಸತುವಿನ ಸಂಯುಕ್ತವನ್ನು ಬೆರೆಸುವುದುಂಟು. ಅಲ್ಲಿ ರಕ್ಷಣೆ ಸಿಗುವುದು ಡಬ್ಬಿಗೆ, ಒಳಗಿನ ಹಣ್ಣಿಗಲ್ಲ. ಒಳಗಿನ ಆಹಾರದ ಮೇಲೆಯೇ ಕೆಲಸ ಮಾಡುವಂತೆ ರೂಪಿಸಿದ ಪೊಟ್ಟಣ ಬೇರೆ ಜಾತಿಯದು, ಮತ್ತು ಅದನ್ನು ಮಾರುವವರು ಯಾವ ಪದಾರ್ಥ, ಯಾವ ರೋಗಾಣುವಿನ ಮೇಲೆ, ಎಷ್ಟು ದಿನ ಎಂಬುದನ್ನು ಹೇಳಬಲ್ಲವರಾಗಿರಬೇಕು.

ಹಣ್ಣು ಇಡಿಯಾಗಿರುವ ತನಕ ಸಿಪ್ಪೆ ಒಳಗಿನ ತಿರುಳನ್ನು ಕಾಯುತ್ತದೆ. ಚಾಕು ಹಾಯ್ದೊಡನೆ ಜೀವಕೋಶಗಳು ಒಡೆದು ಸಕ್ಕರೆ, ಖನಿಜಗಳಿಂದ ಕೂಡಿದ ರಸ ಹೊರಬರುತ್ತದೆ. ಸಿಪ್ಪೆಯ ಮೇಲಿದ್ದ ಸೂಕ್ಷ್ಮಾಣುಗಳು ಅಲಗಿನ ಜೊತೆಗೆ ತಿರುಳಿಗೆ ಇಳಿಯುತ್ತವೆ. ಹೆಚ್ಚಿದ ಮೇಲೂ ಹೋಳುಗಳು ಉಸಿರಾಡುತ್ತಲೇ ಇರುತ್ತವೆ, ಅದೂ ಇಡೀ ಹಣ್ಣಿಗಿಂತ ವೇಗವಾಗಿ. ಮುಂದಿನ ಸಲ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ: ಮುಚ್ಚಳದ ಒಳಬದಿಯಲ್ಲಿ ಸಾಸಿವೆ ಕಾಳಿನಷ್ಟು ದಪ್ಪದ ಹನಿಗಳು, ತಳದಲ್ಲಿ ಹೋಳುಗಳಿಂದ ಸೋರಿ ನಿಂತ ಮಸುಕು ಬಣ್ಣದ ರಸ. ತಂಪಿನಿಂದ ಬಿಸಿಗೂ ಬಿಸಿಯಿಂದ ತಂಪಿಗೂ ಓಡಾಡಿದ ಡಬ್ಬಿಯಲ್ಲಿ ಆ ಹನಿಗಳು ಹೆಚ್ಚು. ಬ್ಯಾಕ್ಟೀರಿಯಾಗಳಿಗೆ ಆ ತಳದ ರಸಕ್ಕಿಂತ ಒಳ್ಳೆಯ ನೆಲೆ ಬೇಕಿಲ್ಲ.

ಈ ಬೆಳವಣಿಗೆಯನ್ನು ಪೊಟ್ಟಣ ಮೂರು ಬಗೆಯಲ್ಲಿ ತಡೆಯಲು ನೋಡುತ್ತದೆ. ಮೊದಲನೆಯದು ಸ್ಪರ್ಶ: ಹಾಳೆಯ ಒಳಮೈಯಲ್ಲಿ ಲೇಪಿಸಿದ ಪದಾರ್ಥ ಹೋಳಿಗೆ ತಾಗಿದಲ್ಲಿ ಮಾತ್ರ ಕೆಲಸ ಮಾಡುತ್ತದೆ, ಒಂದರ ಮೇಲೊಂದು ಕೂತ ಹೋಳುಗಳ ನಡುವಿನ ಮೈಯನ್ನು ಅದು ಮುಟ್ಟುವುದೇ ಇಲ್ಲ. ಎರಡನೆಯದು ಆವಿ: ಕ್ಲೋರಿನ್ ಡೈಆಕ್ಸೈಡ್ ಅನಿಲವನ್ನು ಅಥವಾ ಸಾಸಿವೆಯ ಘಾಟಿಗೆ ಕಾರಣವಾದ ಅಲೈಲ್ ಐಸೊಥಯೋಸಯನೇಟಿನಂಥ ಪದಾರ್ಥವನ್ನು ಸಣ್ಣ ಚೀಟಿಪೊಟ್ಟಣದಿಂದ ನಿಧಾನವಾಗಿ ಬಿಡಿಸುವುದು, ಇದು ಹೋಳುಗಳ ಸಂದಿಗೂ ತಲುಪುತ್ತದೆ, ಆದರೆ ಹದ ತಪ್ಪಿದರೆ ಸೊಪ್ಪಿನ ಬಣ್ಣ ಹೋಗುತ್ತದೆ, ಹಣ್ಣಿನ ರುಚಿ ಕೆಡುತ್ತದೆ. ಮೂರನೆಯದು ತಳದಲ್ಲಿ ಹಾಸುವ ಹೀರುಹಾಸು: ಸೋರಿದ ರಸವನ್ನು ಹೀರಿಕೊಂಡು, ಹೀರಿದ್ದರಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವುದು. ನನ್ನ ಮಟ್ಟಿಗೆ ಮೂರರಲ್ಲೂ ಹೆಚ್ಚು ಅರ್ಥವಿರುವುದು ಈ ಹೀರುಹಾಸಿಗೆ, ಏಕೆಂದರೆ ಅದು ತೊಂದರೆ ಹುಟ್ಟುವ ಜಾಗದಲ್ಲೇ ಕೂತಿರುತ್ತದೆ.

ಅಂಗಡಿಯಲ್ಲಿ ಕಾಣುವ ಪೊಟ್ಟಣಗಳಲ್ಲಿ ಹಲವು ಈ ಮೂರರಲ್ಲಿ ಯಾವುದೂ ಅಲ್ಲ. ಅವು ಒಳಗಿನ ಗಾಳಿಯ ಬೆರಕೆಯನ್ನು ಬದಲಿಸಿ, ಆಮ್ಲಜನಕವನ್ನು ಸಾಮಾನ್ಯವಾಗಿ ಶೇಕಡಾ 1ರಿಂದ 5ರ ಮಟ್ಟಕ್ಕೆ ಇಳಿಸಿ, ಹೋಳುಗಳ ಉಸಿರಾಟವನ್ನು ನಿಧಾನಗೊಳಿಸುವ ಪೊಟ್ಟಣಗಳು. ಹಣ್ಣಿನ ಪೆಟ್ಟಿಗೆಗಳಲ್ಲಿ ಇಡುವ ಪರ್ಮ್ಯಾಂಗನೇಟಿನ ನೇರಳೆ ಹರಳುಗಳ ಚೀಟಿ ಎಥಿಲೀನ್ ಅನಿಲವನ್ನು ತೆಗೆದು ಹಣ್ಣು ಬೇಗ ಕಳಿಯದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಇವು ಉಪಯುಕ್ತವಾದವೇ, ಆದರೆ ಇವನ್ನು ರೋಗಾಣುನಾಶಕವೆಂದು ತಿಳಿಯಬಾರದು.

ಒಂದು ವಿಷಯವನ್ನು ಒತ್ತಿ ಹೇಳಬೇಕೆನಿಸುತ್ತದೆ. ಹಣ್ಣನ್ನು ಕೊಳೆಸುವ ಸೂಕ್ಷ್ಮಾಣುಗಳು ಬೇರೆ, ನಮಗೆ ಕಾಯಿಲೆ ತರುವವು ಬೇರೆ. ಕೊಳೆಸುವವು ಲೋಳೆಯಿಂದ, ಹುಳಿವಾಸನೆಯಿಂದ ನಮ್ಮನ್ನು ಎಚ್ಚರಿಸುತ್ತವೆ. ಸಾಲ್ಮೊನೆಲ್ಲಾ, ಲಿಸ್ಟೀರಿಯಾಗಳು ಕಾಯಿಲೆ ತರುವಷ್ಟಿದ್ದರೂ ಹೋಳಿನ ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗದಿರಬಹುದು. ಪೊಟ್ಟಣವೊಂದು ಕೊಳೆಸುವವನ್ನಷ್ಟೇ ಹತ್ತಿಕ್ಕಿ, ಹಣ್ಣು ನಾಲ್ಕು ದಿನದ ಬದಲು ಹತ್ತು ದಿನ ನಳನಳಿಸುವಂತೆ ಮಾಡಿದರೆ, ಫ್ರಿಜ್ಜಿನ ತಂಪಿನಲ್ಲೂ ಬೆಳೆಯಬಲ್ಲ ಲಿಸ್ಟೀರಿಯಾಕ್ಕೆ ಆರು ದಿನ ಹೆಚ್ಚಿಗೆ ಸಿಕ್ಕಂತಾಯಿತು. ಆದ್ದರಿಂದ ‘ಹೆಚ್ಚು ದಿನ ತಾಜಾ’ ಎಂಬ ಮಾತನ್ನೂ ‘ಸುರಕ್ಷಿತ’ ಎಂಬ ಮಾತನ್ನೂ ಒಂದೇ ಎಂದು ಓದಬೇಡಿ.

ನಿಮ್ಮ ಬೀನ್ಸ್, ಕ್ಯಾರೆಟ್ ಹೇಗೂ ಹುಳಿಗೋ ಪಲ್ಯಕ್ಕೋ ಬೇಯುತ್ತವೆ, ಚೆನ್ನಾಗಿ ಬೇಯಿಸುವುದು ಯಾವ ಡಬ್ಬಿಯೂ ಮಾಡಲಾಗದ ಕೆಲಸವನ್ನು ಮಾಡುತ್ತದೆ. ಹಸಿಯಾಗಿ ತಿನ್ನುವ ಪರಂಗಿಯನ್ನು ಮಾತ್ರ ತಂಪು ಕಪಾಟಿನಿಂದ ತೆಗೆದದ್ದನ್ನೇ ಕೊಂಡು, 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಟ್ಟು, ಅಚ್ಚಾದ ತಾರೀಖಿನೊಳಗೆ ಮುಗಿಸಿ. ಸಾಧ್ಯವಾದರೆ ಇಡೀ ಹಣ್ಣನ್ನು ತಂದು, ತೊಳೆದು, ತಿನ್ನುವ ಹೊತ್ತಿಗೆ ಮನೆಯಲ್ಲೇ ಹೆಚ್ಚಿಕೊಳ್ಳಿ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದ ಹತ್ತು ಮಂದಿ ಸೇರಿ ಹೆಚ್ಚಿದ ಪರಂಗಿ, ಅನಾನಸ್, ಕರಬೂಜ, ಬಿಡಿಸಿದ ದಾಳಿಂಬೆ ಕಾಳುಗಳನ್ನು ಕಚೇರಿಗಳಿಗೆ ಒದಗಿಸುವ ಯೋಚನೆ ಮಾಡಿದ್ದೇವೆ. ಒಬ್ಬ ವ್ಯಾಪಾರಿ ಬೆಳ್ಳಿಯ ನ್ಯಾನೋ ಕಣಗಳಿರುವ ಡಬ್ಬಿಗಳನ್ನು ತೋರಿಸಿ, ಶೇಕಡಾ 90ರಷ್ಟು ಬ್ಯಾಕ್ಟೀರಿಯಾ ಸಾಯುತ್ತವೆ, ಐಸ್ ಪೆಟ್ಟಿಗೆಯೂ ಬೇಡ ಎನ್ನುತ್ತಾರೆ. ಬೆಲೆ ಸಾಮಾನ್ಯ ಡಬ್ಬಿಯ ಎರಡರಷ್ಟು. ಕೊಳ್ಳಬಹುದೆ?
— ಸಂಘದ ಕಾರ್ಯದರ್ಶಿ, ತುಮಕೂರು

ಉತ್ತರ: ಐಸ್ ಪೆಟ್ಟಿಗೆ ಬೇಡ ಎಂದವರಿಂದ ಏನನ್ನೂ ಕೊಳ್ಳಬೇಡಿ. ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣ ಆ ‘ಶೇಕಡಾ 90’ರಲ್ಲೇ ಇದೆ.

ಕೇಳಿದರೆ ದೊಡ್ಡದೆನಿಸುವ ಈ ಅಂಕಿ ಸೂಕ್ಷ್ಮಾಣುಗಳ ಲೆಕ್ಕದಲ್ಲಿ ಬಹಳ ಚಿಕ್ಕದು. ಸಾವಿರವಿದ್ದದ್ದು ನೂರಾಯಿತು ಎನ್ನೋಣ. ಬೇಸಿಗೆಯ ಮಧ್ಯಾಹ್ನದ ಶಾಖದಲ್ಲಿ, ಹುಳಿಯಿಲ್ಲದ ಹಣ್ಣಿನ ಹೋಳಿನ ಮೇಲೆ ಸಾಲ್ಮೊನೆಲ್ಲಾ ದುಪ್ಪಟ್ಟಾಗಲು ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ನೂರು ಇನ್ನೂರಾಗಿ, ನಾನೂರಾಗಿ, ಎಂಟುನೂರಾಗಿ, ಮತ್ತೆ ಸಾವಿರ ದಾಟಲು ನಾಲ್ಕು ದುಪ್ಪಟ್ಟುಗಳೂ ಬೇಕಿಲ್ಲ. ಅಂದರೆ ಎರಡು ಪಟ್ಟು ಬೆಲೆ ಕೊಟ್ಟು ಕೊಂಡ ಲಾಭ, ಡಬ್ಬಿಗಳು ಆಟೋದಲ್ಲಿ ಬಿಸಿಲಿಗೆ ಕೂತ ಎರಡು ಮೂರು ಗಂಟೆಗಳಲ್ಲಿ ಕೈಬಿಟ್ಟು ಹೋಗುತ್ತದೆ. ಅದೇ ಹೋಳು 5 ಡಿಗ್ರಿಗಿಂತ ಕೆಳಗಿದ್ದರೆ ಸಾಲ್ಮೊನೆಲ್ಲಾ, ಇ. ಕೋಲಿಗಳ ಬೆಳವಣಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ, ಲಿಸ್ಟೀರಿಯಾ ಕೂಡ ದುಪ್ಪಟ್ಟಾಗಲು ಒಂದೆರಡು ದಿನ ತೆಗೆದುಕೊಳ್ಳುತ್ತದೆ. ಐಸಿಗೆ ಹಾಕುವ ದುಡ್ಡಿನಷ್ಟು ಕೆಲಸವನ್ನು ಬೆಳ್ಳಿ ಮಾಡಲಾರದು.

ಬೆಳ್ಳಿಯ ಅಯಾನುಗಳು ಬ್ಯಾಕ್ಟೀರಿಯಾದ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಕೆಲಸವನ್ನು ಕೆಡಿಸುತ್ತವೆ ಎಂಬುದು ನಿಜ, ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಅದನ್ನು ಸುಲಭವಾಗಿ ತೋರಿಸಬಹುದು. ಆದರೆ ಹಣ್ಣಿನ ರಸದಲ್ಲಿರುವ ಪ್ರೋಟೀನು, ಕ್ಲೋರೈಡುಗಳೂ ಬೆಳ್ಳಿಯನ್ನು ಹಿಡಿದುಕೊಳ್ಳುವುದರಿಂದ ಅಲ್ಲಿ ಅದರ ಬಲ ಕುಗ್ಗುತ್ತದೆ. ವ್ಯಾಪಾರಿಯ ಕೈಯಲ್ಲಿರುವ ಪರೀಕ್ಷಾ ವರದಿ ಬರಿಯ ಹಾಳೆಯ ಮೇಲೆ ಮಾಡಿದ್ದೋ, ಹೆಚ್ಚಿದ ಹಣ್ಣು ತುಂಬಿದ ಡಬ್ಬಿಯಲ್ಲಿ ಮಾಡಿದ್ದೋ ಎಂದು ಕೇಳಿ ನೋಡಿ. ಜೊತೆಗೆ, ಪೊಟ್ಟಣದಿಂದ ಆಹಾರಕ್ಕೆ ಇಳಿಯುವ ಪದಾರ್ಥಕ್ಕೆ ಮಿತಿಯಿದೆ: ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳ ಪ್ರಕಾರ ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಸೇರುವ ಒಟ್ಟು ಅಂಶ ಕಿಲೋಗೆ 60 ಮಿಲಿಗ್ರಾಂ ಅಥವಾ ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ ಮೀರಬಾರದು. ಆ ಪರೀಕ್ಷೆಯ ಪತ್ರವಿಲ್ಲದ ಡಬ್ಬಿ ಬೆಳ್ಳಿಯದಿರಲಿ, ಬರಿಯ ಪ್ಲಾಸ್ಟಿಕ್ಕಿನದಿರಲಿ, ನಿಮಗೆ ಬೇಡ.

ಬೆಳ್ಳಿ ಬಿಟ್ಟು ಬೇರೆ ಪದಾರ್ಥಗಳ ಹೆಸರನ್ನೂ ನೀವು ಕೇಳುವಿರಿ. ನೈಸಿನ್ ಎಂಬುದು ಹಾಲನ್ನು ಹುಳಿಸುವ ಬ್ಯಾಕ್ಟೀರಿಯಾವೊಂದು ತಾನೇ ತಯಾರಿಸುವ ಪದಾರ್ಥ, ಇದು ಲಿಸ್ಟೀರಿಯಾದ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಸಾಲ್ಮೊನೆಲ್ಲಾ, ಇ. ಕೋಲಿಗಳಿಗೆ ಇನ್ನೊಂದು ಹೊರಪೊರೆ ಇರುವುದರಿಂದ ಒಂಟಿ ನೈಸಿನ್ ಅವುಗಳಿಗೆ ನಾಟುವುದಿಲ್ಲ. ಓಮದ ಥೈಮಾಲ್, ಲವಂಗದ ಯೂಜಿನಾಲ್, ಚಕ್ಕೆಯ ಸಿನ್ನಮಾಲ್ಡಿಹೈಡ್ ಎಲ್ಲ ಬಗೆಯ ಬ್ಯಾಕ್ಟೀರಿಯಾಗಳನ್ನೂ ತಕ್ಕಮಟ್ಟಿಗೆ ತಡೆಯುತ್ತವೆ. ಮುಟ್ಟಿಸುವುದಕ್ಕಿಂತ ಆವಿಯಾಗಿ ಬಿಟ್ಟಾಗ ಕಡಿಮೆ ಪ್ರಮಾಣವೇ ಸಾಕಾಗುತ್ತದೆ. ಆದರೆ ರೋಗಾಣುವನ್ನು ಹಿಡಿದು ನಿಲ್ಲಿಸುವಷ್ಟು ಥೈಮಾಲ್ ಹಾಕಿದ ಡಬ್ಬಿಯ ಅನಾನಸ್ ಓಮದ ಕಷಾಯದಂತೆ ಘಮಗುಟ್ಟಿದರೆ ಎರಡನೆಯ ಸಲ ಯಾರೂ ಕೊಳ್ಳುವುದಿಲ್ಲ, ಈ ದಾರಿಯ ನಿಜವಾದ ತೊಡಕು ಇದೇ. ಕೈಟೋಸಾನ್ ಲೇಪನದ ಬಗ್ಗೆ ನಿಮಗೆ ವಿಶೇಷವಾಗಿ ಒಂದು ಮಾತು: ಅದನ್ನು ಸಾಮಾನ್ಯವಾಗಿ ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುತ್ತಾರೆ. ಹಣ್ಣನ್ನು ಸಸ್ಯಾಹಾರವೆಂದೇ, ಎಷ್ಟೋ ಮಂದಿ ಉಪವಾಸದ ದಿನದ ಆಹಾರವೆಂದೇ ಕೊಳ್ಳುತ್ತಾರೆ. ಆ ಮೂಲವನ್ನು ಮುಚ್ಚಿಡುವುದು ಗಿರಾಕಿಗೆ ಮಾಡುವ ಮೋಸ, ಚಿಪ್ಪುಜೀವಿಗಳ ಅಲರ್ಜಿ ಇರುವವರ ದೃಷ್ಟಿಯಿಂದಲೂ ಅದನ್ನು ತಿಳಿಸಲೇಬೇಕು.

ಹಾಗಾದರೆ ದುಡ್ಡನ್ನು ಎಲ್ಲಿ ಹಾಕಬೇಕು? 2011ರಲ್ಲಿ ಅಮೆರಿಕದ ಕೊಲರಾಡೊದ ಒಂದು ತೋಟದ ಕರಬೂಜದಿಂದ ಲಿಸ್ಟೀರಿಯಾ ಹರಡಿ 28 ರಾಜ್ಯಗಳ 147 ಮಂದಿ ಕಾಯಿಲೆ ಬಿದ್ದರು, 33 ಮಂದಿ ಸತ್ತರು. ತನಿಖೆಯಲ್ಲಿ ಕಂಡದ್ದು ಹಣ್ಣು ಕಟ್ಟುವ ಶೆಡ್ಡಿನ ನೆಲದಲ್ಲಿ ನಿಂತ ನೀರು, ಬಿಚ್ಚಿ ತೊಳೆಯಲಾಗದ ಯಂತ್ರಗಳು, ಹಣ್ಣನ್ನು ತಂಪು ಕೋಣೆಗೆ ಸೇರಿಸುವ ಮುನ್ನ ಅದರ ಹೊಲದ ಬಿಸಿಯನ್ನು ಇಳಿಸದಿದ್ದುದು. ಕರಬೂಜದ ಬಲೆಬಲೆಯಾದ ಸಿಪ್ಪೆಯಲ್ಲಿ ಅಡಗಿದ ಬ್ಯಾಕ್ಟೀರಿಯಾವನ್ನು ಮನೆಯ ಚಾಕು ತಿರುಳಿಗೆ ಒಯ್ದಿತು. 2019ರಲ್ಲಿ ಮತ್ತೆ ಅಮೆರಿಕದಲ್ಲೇ, ಹೆಚ್ಚಿ ಡಬ್ಬಿಗೆ ತುಂಬಿದ ಕರಬೂಜ, ಕಲ್ಲಂಗಡಿಗಳಿಂದ 137 ಮಂದಿಗೆ ಸಾಲ್ಮೊನೆಲ್ಲಾ ಸೋಂಕು ತಗುಲಿತು. ಹಣ್ಣು ಡಬ್ಬಿ ಸೇರುವ ಹೊತ್ತಿಗೇ ಮೈಲಿಗೆಯಾಗಿದ್ದರೆ ಡಬ್ಬಿ ಅದನ್ನು ಮಡಿ ಮಾಡಲಾರದು.

ಆದ್ದರಿಂದ ಮೊದಲು ಹೆಚ್ಚುವ ಕೋಣೆ. ಇಡೀ ಹಣ್ಣನ್ನು ತೊಳೆಯುವ ಜಾಗ ಬೇರೆ, ಹೆಚ್ಚುವ ಜಾಗ ಬೇರೆ ಇರಲಿ. ತೊಳೆಯುವ ನೀರಿಗೆ ಲೀಟರಿಗೆ 50ರಿಂದ 200 ಮಿಲಿಗ್ರಾಂ ಕ್ಲೋರಿನ್ ಸಿಗುವಂತೆ ಆಹಾರ ದರ್ಜೆಯ ಔಷಧ ಹಾಕಿ, ಅದರ ಮಟ್ಟವನ್ನು ಪಟ್ಟಿ ಕಾಗದದಿಂದ ಆಗಾಗ ನೋಡಿ, ಮಣ್ಣು ಸೇರಿ ಕದಡಿದ ನೀರನ್ನು ಚೆಲ್ಲಿ. ಕ್ಲೋರಿನ್ ನೀರು ಹಣ್ಣಿನ ಮೇಲಿನ ಬ್ಯಾಕ್ಟೀರಿಯಾವನ್ನು ಹತ್ತು ಪಟ್ಟೋ ನೂರು ಪಟ್ಟೋ ತಗ್ಗಿಸುವುದಷ್ಟೇ ಹೊರತು ಪೂರ್ತಿ ತೆಗೆಯುವುದಿಲ್ಲ. ಒಂದು ಕೆಟ್ಟ ಹಣ್ಣಿನ ಸೋಂಕು ಅದೇ ತೊಟ್ಟಿಯ ನೂರು ಹಣ್ಣಿಗೆ ಅಂಟದಂತೆ ತಡೆಯುವುದೇ ಅದರ ಮುಖ್ಯ ಉಪಕಾರ. ಮರದ ಮಣೆ, ಮರದ ಹಿಡಿಯ ಈಳಿಗೆ ಬೇಡ, ಬಿರುಕಿನಲ್ಲಿ ಕೂತ ರಸ ಒಣಗುವುದಿಲ್ಲ. ಭೇದಿಯಾದವರು, ಕೈಗೆ ಗಾಯವಾದವರು ಆ ದಿನ ಹೆಚ್ಚಲು ಕೂರುವುದು ಬೇಡ, ಅವರ ಕೂಲಿಯನ್ನು ಕಡಿಯುವುದೂ ಬೇಡ. ಕೂಲಿ ಕಡಿದರೆ ಯಾರೂ ಕಾಯಿಲೆಯನ್ನು ಹೇಳಿಕೊಳ್ಳುವುದಿಲ್ಲ.

ಎರಡನೆಯದು ಹಣ್ಣಿನ ಆಯ್ಕೆ. ಹುಳಿಯ ಅಳತೆಯಾದ ಪಿಎಚ್ ಅನಾನಸ್ಸಿನಲ್ಲಿ 3.2ರಿಂದ 4ರಷ್ಟು, ಪರಂಗಿಯಲ್ಲಿ 5.2ರಿಂದ 6ರಷ್ಟು, ಕರಬೂಜದಲ್ಲಿ 6ರಿಂದ 6.7ರಷ್ಟು ಇರುತ್ತದೆ. ಪಿಎಚ್ ಇಳಿದಷ್ಟೂ ಹುಳಿ ಹೆಚ್ಚು, ಹುಳಿ ಹೆಚ್ಚಿದಷ್ಟೂ ರೋಗಾಣು ಬೆಳೆಯುವುದು ಕಷ್ಟ. ಹುಳಿ ರೋಗಾಣುವನ್ನು ಕೊಂದೇಬಿಡುತ್ತದೆ ಎಂದಲ್ಲ, ಆದರೂ ಹೊಸದಾಗಿ ತೊಡಗುವವರು ಅನಾನಸ್, ದಾಳಿಂಬೆಗಳಿಂದ ಶುರುಮಾಡಿ, ತಂಪಿನ ವ್ಯವಸ್ಥೆ ಬಿಗಿಯಾದ ಮೇಲೆ ಪರಂಗಿಗೆ ಹೋಗುವುದು ಜಾಣತನ. ಕರಬೂಜವನ್ನು ನಾನಾಗಿದ್ದರೆ ಪಟ್ಟಿಯಿಂದ ತೆಗೆದುಹಾಕುತ್ತಿದ್ದೆ.

ಇಷ್ಟೆಲ್ಲ ನಡೆದ ಮೇಲೆ ಉಳಿದ ಅಲ್ಪಸ್ವಲ್ಪ ಸೂಕ್ಷ್ಮಾಣುಗಳನ್ನು ಹತ್ತಿಕ್ಕಲು ಒಳ್ಳೆಯ ಹೀರುಹಾಸೋ ಆವಿ ಬಿಡುವ ಚೀಟಿಯೋ ನೆರವಾಗಬಹುದು. ಒಂದರ ಹಿಂದೆ ಒಂದು ಅಡ್ಡಿಯನ್ನು ಒಡ್ಡುವ ಕ್ರಮದಲ್ಲಿ ಪೊಟ್ಟಣ ಕೊನೆಯ ಅಡ್ಡಿ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಆಹಾರ ಪೊಟ್ಟಣದ್ದೇ ಪ್ರತ್ಯೇಕ ವಿಭಾಗವಿದೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಕೊಯ್ಲೋತ್ತರ ತಂತ್ರಜ್ಞಾನದ ಕೆಲಸ ನಡೆಯುತ್ತದೆ. ಡಬ್ಬಿ ಕೊಳ್ಳುವ ಮುನ್ನ ನಿಮ್ಮ ಹಣ್ಣು, ನಿಮ್ಮ ದಾರಿಯ ಲೆಕ್ಕ ಹಿಡಿದುಕೊಂಡು ಅಲ್ಲಿ ವಿಚಾರಿಸಿ.

ಪ್ರಶ್ನೆ: ನಾವು ದ್ರಾಕ್ಷಿ ಬೆಳೆಗಾರರು. ಹೊರದೇಶಕ್ಕೆ ಕಳಿಸುವ ಪೆಟ್ಟಿಗೆಯಲ್ಲಿ ಗಂಧಕದ ಹೊಗೆ ಬಿಡುವ ಕಾಗದದ ಹಾಳೆ ಇಡುತ್ತೇವೆ, ವಾರಗಟ್ಟಲೆ ಬೂಷ್ಟು ಬರುವುದಿಲ್ಲ. ಇದನ್ನೇ ಹೆಚ್ಚಿದ ಹಣ್ಣಿನ ಡಬ್ಬಿಗೂ ಹಾಕಬಾರದೇಕೆ?
— ರೈತರೊಬ್ಬರು, ವಿಜಯಪುರ

ಉತ್ತರ: ನೀವು ಬಳಸುತ್ತಿರುವುದು ಸೂಕ್ಷ್ಮಾಣು ತಡೆಯುವ ಪೊಟ್ಟಣಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ, ನಿಜಕ್ಕೂ ಫಲ ಕೊಟ್ಟ ಬಗೆಯದು. ಆ ಹಾಳೆಯಲ್ಲಿರುವ ಸೋಡಿಯಂ ಮೆಟಾಬೈಸಲ್ಫೈಟ್, ಪೆಟ್ಟಿಗೆಯೊಳಗಿನ ತೇವ ತಾಗಿದಂತೆ ಗಂಧಕದ ಡೈಆಕ್ಸೈಡನ್ನು ನಿಧಾನವಾಗಿ ಬಿಡುತ್ತದೆ; ಆ ಅನಿಲ ದ್ರಾಕ್ಷಿಗೆ ಬರುವ ಬೂದುಬಣ್ಣದ ಬೂಷ್ಟನ್ನು ತಡೆಯುತ್ತದೆ. ಇಡೀ ದ್ರಾಕ್ಷಿಯ ಸಿಪ್ಪೆ ಮೇಣದ ಹೊದಿಕೆಯಿಂದ ಕೂಡಿರುವುದರಿಂದ ಅನಿಲ ಒಳಕ್ಕೆ ಇಳಿಯುವುದು ಕಡಿಮೆ. ಹಾಗಿದ್ದೂ ತೇವ ಹೆಚ್ಚಾದಾಗ, ತೊಟ್ಟಿನ ಬಳಿ ಬಿರಿದ ಕಾಯಿಗಳು ಬಿಳಿಚಿಕೊಂಡು ಗಂಧಕದ ರುಚಿ ಹತ್ತುವುದನ್ನು ನೀವೇ ಕಂಡಿರುತ್ತೀರಿ.

ಹೆಚ್ಚಿದ ಹೋಳಿಗೆ ಆ ಸಿಪ್ಪೆಯೇ ಇಲ್ಲ. ಬಿರಿದ ಒಂದು ಕಾಯಿಗೆ ಆಗುವುದು ಅಲ್ಲಿ ಎಲ್ಲ ಹೋಳಿಗೂ ಆಗುತ್ತದೆ, ಅನಿಲ ನೇರವಾಗಿ ತಿರುಳಿನ ರಸದಲ್ಲಿ ಕರಗಿ ಸಲ್ಫೈಟಾಗಿ ಉಳಿಯುತ್ತದೆ. ಉಬ್ಬಸವಿರುವ ಕೆಲವರಿಗೆ ಸಲ್ಫೈಟಿನಿಂದ ಉಸಿರು ಕಟ್ಟುವಷ್ಟು ತೊಂದರೆಯಾಗುತ್ತದೆ. ಇದೇ ಕಾರಣಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1986ರಲ್ಲಿ, ಹಸಿಯಾಗಿ ತಿನ್ನುವ ಹಣ್ಣು ತರಕಾರಿಗಳ ಮೇಲೆ ಸಲ್ಫೈಟ್ ಬಳಸುವುದನ್ನು ನಿಷೇಧಿಸಿತು. ದಯವಿಟ್ಟು ಪ್ರಯೋಗಕ್ಕೂ ಮಾಡಿ ನೋಡಬೇಡಿ.

ಪ್ರಶ್ನೆ: ನಮ್ಮ ಹಿರಿಯರು ಬಾಳೆ ಎಲೆ, ಮುತ್ತುಗದ ಎಲೆಗಳಲ್ಲೇ ಎಲ್ಲವನ್ನೂ ಕಟ್ಟುತ್ತಿದ್ದರು. ಬಾಳೆ ಎಲೆಯಲ್ಲಿ ಸೂಕ್ಷ್ಮಾಣು ಕೊಲ್ಲುವ ಗುಣವಿದೆಯಂತೆ. ಹೆಚ್ಚಿದ ಹಣ್ಣನ್ನು ಅದರಲ್ಲೇ ಕಟ್ಟಿ ಮಾರಿದರೆ ಪ್ಲಾಸ್ಟಿಕ್ಕೂ ತಪ್ಪುತ್ತದಲ್ಲವೆ?
— ಶಿಕ್ಷಕಿ, ಶಿರಸಿ

ಉತ್ತರ: ಪ್ಲಾಸ್ಟಿಕ್ ತಪ್ಪಿಸಬೇಕೆಂಬ ನಿಮ್ಮ ಕಳಕಳಿ ನನ್ನದೂ ಹೌದು. ಬಾಳೆ ಎಲೆಯಲ್ಲಿ ಪಾಲಿಫಿನಾಲುಗಳೆಂಬ ಸಸ್ಯಜನ್ಯ ಪದಾರ್ಥಗಳಿವೆ, ಅವನ್ನು ದ್ರಾವಣದಲ್ಲಿ ಬೇರ್ಪಡಿಸಿ ಪರೀಕ್ಷಿಸಿದರೆ ಬ್ಯಾಕ್ಟೀರಿಯಾಗಳ ಮೇಲೆ ಅವುಗಳ ಪರಿಣಾಮ ಕಾಣಬಹುದು. ಆದರೆ ಎಲೆಯ ಮೇಣದ ಮೈಗೆ ತಾಗಿದ ಮಾತ್ರಕ್ಕೆ ಆ ಗುಣ ಹಣ್ಣಿಗೆ ಇಳಿಯುವುದಿಲ್ಲ. ತೋಟದಿಂದ ಬಂದ ಎಲೆ ಮಣ್ಣು, ಹಕ್ಕಿಯ ಹಿಕ್ಕೆ, ಧೂಳುಗಳನ್ನೂ ಹೊತ್ತು ಬರುತ್ತದೆ.

ಹಿರಿಯರು ಎಲೆಯಲ್ಲಿ ಕಟ್ಟುತ್ತಿದ್ದುದರಲ್ಲಿ ಬಹುಪಾಲು ಬಿಸಿಬಿಸಿ ಅನ್ನ, ಹಬೆಯಲ್ಲಿ ಬೆಂದ ಕಡುಬು, ಕೆಲವೇ ಗಂಟೆಗಳಲ್ಲಿ ಉಣ್ಣುವ ಬುತ್ತಿ. ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಬಳಸುತ್ತಿದ್ದ ರೂಢಿಯಲ್ಲಿ ಎಲೆ ಮೆತ್ತಗಾಗುವುದರ ಜೊತೆಗೆ ಮೇಲಿನ ಸೂಕ್ಷ್ಮಾಣುಗಳೂ ತಕ್ಕಮಟ್ಟಿಗೆ ಸಾಯುತ್ತಿದ್ದವು. ಹಾಗೆ ಬಾಡಿಸಿದ, ತೊಳೆದ ಎಲೆಯಲ್ಲಿ ಆಗಲೇ ತಿನ್ನುವ ಹಣ್ಣನ್ನು ಬಡಿಸುವುದಕ್ಕೆ ಅಡ್ಡಿಯಿಲ್ಲ. ದಿನವಿಡೀ ಇಟ್ಟು ಮಾರುವ ಹೋಳಿಗೆ ಅದು ಸಾಲದು. ಎಲೆ ಸಿಗಲಿಲ್ಲವೆಂದು ಸುದ್ದಿಪತ್ರಿಕೆಯ ಹಾಳೆಗೆ ಮಾತ್ರ ಯಾರೂ ಕೈಹಾಕಬಾರದು. ಮುದ್ರಣದ ಶಾಯಿಯಲ್ಲಿ ಸೀಸದಂಥ ಲೋಹಗಳಿರಬಹುದಾದ್ದರಿಂದ ಅದರಲ್ಲಿ ಆಹಾರ ಕಟ್ಟುವುದನ್ನು ನಿಯಮವೇ ನಿಷೇಧಿಸಿದೆ.

ಪ್ರಶ್ನೆ: ಇಲ್ಲಿ ‘ಮೂರು ಸಲ ತೊಳೆದದ್ದು’ ಎಂದು ಬರೆದ ಪಾಲಕ್, ಲೆಟ್ಯೂಸ್ ಚೀಲಗಳು ಸಿಗುತ್ತವೆ. ಊರಿನಿಂದ ಬಂದಿರುವ ಅಮ್ಮ ಮತ್ತೆ ತೊಳೆಯದೆ ತಿನ್ನಬಾರದೆನ್ನುತ್ತಾರೆ. ಯಾರ ಮಾತು ಸರಿ?
— ಕನ್ನಡಿಗರೊಬ್ಬರು, ನ್ಯೂಜೆರ್ಸಿ

ಉತ್ತರ: ಅಮ್ಮನ ಅನುಮಾನ ಸರಿ, ಪರಿಹಾರ ಮಾತ್ರ ಉಪಯೋಗಕ್ಕೆ ಬರುವುದಿಲ್ಲ. 2006ರಲ್ಲಿ ಇಂಥದ್ದೇ ಚೀಲದ ಎಳೆ ಪಾಲಕ್‌ನಿಂದ ಇ. ಕೋಲಿ ಓ157 ಹರಡಿ ಸುಮಾರು 200 ಮಂದಿ ಕಾಯಿಲೆ ಬಿದ್ದರು, ಮೂವರು ತೀರಿಕೊಂಡರು. ಅದರ ಜಾಡು ಕ್ಯಾಲಿಫೋರ್ನಿಯಾದ, ಹತ್ತಿರದಲ್ಲೇ ದನಗಳೂ ಕಾಡುಹಂದಿಗಳೂ ಓಡಾಡುತ್ತಿದ್ದ ಹೊಲವೊಂದಕ್ಕೆ ಹೋಗಿ ನಿಂತಿತು. ಎಲೆಯ ಉಸಿರುರಂಧ್ರಗಳಲ್ಲಿ, ಕತ್ತರಿಸಿದ ಅಂಚುಗಳಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾ ಕಾರ್ಖಾನೆಯ ಮೂರು ತೊಳೆತಕ್ಕೇ ಬಿಡದಿದ್ದಾಗ ಮನೆಯ ನಾಲ್ಕನೆಯ ತೊಳೆತಕ್ಕೂ ಬಿಡುವುದಿಲ್ಲ. ನಿನ್ನೆ ಹಸಿ ಕೋಳಿ ತೊಳೆದ ಸಿಂಕಿನಲ್ಲಿ ಇಂದು ಸೊಪ್ಪು ತೊಳೆದರೆ ಹೊಸ ಸೋಂಕು ಸೇರುವ ಸಂಭವವೇ ಹೆಚ್ಚು. ತೊಳೆದು ಸಿದ್ಧಪಡಿಸಿದ ಚೀಲವನ್ನು ಮತ್ತೆ ತೊಳೆಯಬೇಕಿಲ್ಲ ಎಂದೇ ಅಲ್ಲಿನ ಆಹಾರ ಇಲಾಖೆಯ ಸಲಹೆ.

ಅಮ್ಮನಿಗೆ ಸಮಾಧಾನವಾಗಬೇಕೆಂದರೆ ಆ ಪಾಲಕ್ಕನ್ನು ಸಾಸಿವೆ, ಬೆಳ್ಳುಳ್ಳಿ ಒಗ್ಗರಣೆಗೆ ಹಾಕಿ ಬಾಡಿಸಿಬಿಡಿ, ಅದು ನಿಜವಾಗಿ ಫಲ ಕೊಡುವ ಉಪಾಯ. ಹಸಿಯಾಗಿ ತಿನ್ನುವುದಿದ್ದರೆ ಚೀಲ ಉಬ್ಬಿದ್ದನ್ನು, ಒಳಗೆ ಎಲೆ ಲೋಳೆಯಾದದ್ದನ್ನು ಕೊಳ್ಳಬೇಡಿ, ಬಿಚ್ಚಿದ ಮೇಲೆ ಫ್ರಿಜ್ಜಿನ ಬಾಗಿಲಲ್ಲಿಡದೆ ಒಳಗಿನ ತಟ್ಟೆಯಲ್ಲಿಡಿ.

ಪ್ರಶ್ನೆ: ಬಸುರಿ ಮಗಳಿಗೆ ಈಗ ಐದು ತಿಂಗಳು. ಕಚೇರಿಯ ಕ್ಯಾಂಟೀನಿನಲ್ಲಿ ಹೆಚ್ಚಿಟ್ಟ ಹಣ್ಣು, ಮೊಳಕೆಕಾಳು ತಿನ್ನುತ್ತಾಳೆ. ಒಳ್ಳೆಯ ಪ್ಯಾಕಿಂಗ್ ಇದ್ದರೆ ಪರವಾಗಿಲ್ಲವೆ?
— ತಾಯಿಯೊಬ್ಬರು, ಹಾಸನ

ಉತ್ತರ: ಈ ದಿನಗಳಲ್ಲಿ ಬೇಡ, ಪ್ಯಾಕಿಂಗ್ ಎಷ್ಟೇ ಒಳ್ಳೆಯದಿರಲಿ. ಲಿಸ್ಟೀರಿಯಾ ತಾಯಿಗೆ ಸಣ್ಣ ಜ್ವರದಂತೆ ಕಂಡು ಹೋದರೂ ಹೊಟ್ಟೆಯಲ್ಲಿರುವ ಮಗುವಿನ ಜೀವಕ್ಕೆ ಕುತ್ತು ತರಬಲ್ಲುದು. ತಿಂದ ಎರಡು ತಿಂಗಳ ಮೇಲೂ ಕಾಯಿಲೆ ತಲೆದೋರಬಹುದಾದ್ದರಿಂದ ಯಾವ ಹಣ್ಣಿನಿಂದ ಬಂತೆಂದು ನೆನಪೂ ಇರುವುದಿಲ್ಲ. ಮೊಳಕೆಕಾಳು ಇನ್ನೂ ಸೂಕ್ಷ್ಮ, ಏಕೆಂದರೆ ಕಾಳು ಮೊಳೆಯಲು ಬೇಕಾದ ತೇವ, ಬೆಚ್ಚಗೆಗಳೇ ಬ್ಯಾಕ್ಟೀರಿಯಾಕ್ಕೂ ಬೇಕಾದವು. 2011ರಲ್ಲಿ ಜರ್ಮನಿಯಲ್ಲಿ ಮೊಳಕೆ ಮೆಂತ್ಯದಿಂದ ಹರಡಿದ ಇ. ಕೋಲಿ ಸುಮಾರು 3,800 ಮಂದಿಯನ್ನು ಕಾಡಿತು, 50ಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿತು.

ಹಣ್ಣು ತಿನ್ನುವುದನ್ನೇ ಬಿಡಿಸಬೇಡಿ. ಬಾಳೆಹಣ್ಣು, ಕಿತ್ತಳೆ, ಮೂಸಂಬಿಯಂಥ, ತಾನೇ ಸುಲಿದು ತಿನ್ನಬಹುದಾದ ಇಡೀ ಹಣ್ಣನ್ನು ಡಬ್ಬಿಯ ಜೊತೆಗೆ ಕಳಿಸಿ, ಕೈ ತೊಳೆದು ಸುಲಿಯಲಿ. ಮೊಳಕೆ ಹೆಸರುಕಾಳನ್ನು ಮನೆಯಲ್ಲೇ ಬೇಯಿಸಿ, ತೆಂಗಿನತುರಿ ಹಾಕಿ ಉಸಲಿ ಮಾಡಿ ಬೆಳಗಿನ ತಿಂಡಿಗೆ ಬಿಸಿಯಾಗಿ ಕೊಡಿ.